ಕಲಾಯಿಗಾರನ ಸೈಕಲ್ಲಿಗೆ ಬಾಟಲಿ ಸ್ಟ್ಯಾಂಡು

"ಗುರುಗಳೇ, ಒಂದು ಮನೆಯಲ್ಲಿ ಅವಮಾನವಾಯಿತು. ಇನ್ನು ಯಾರ ಬಾಗಿಲಲ್ಲೂ ಕೈಯೊಡ್ಡುವುದಿಲ್ಲ, ನನ್ನದನ್ನು ನಾನೇ ತಿಂದು ಬದುಕುತ್ತೇನೆ ಅಂದರೆ ಅದು ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನ ಜೋಳಿಗೆ ಎಂಟು ದಿನದಿಂದ ಗೂಟದಲ್ಲೇ ತೂಗುತ್ತಿತ್ತು. ಭಿಕ್ಷೆಗೆ ಹೋದಾಗ ಒಂದು ಮನೆಯವರು ಹಿಟ್ಟನ್ನು ಜೋಳಿಗೆಗೆ ಹಾಕದೆ ನೆಲಕ್ಕೆ ಸುರಿದು ಬಾಗಿಲು ಹಾಕಿಕೊಂಡಿದ್ದರು. ಅಂದೇ ಸಂಜೆ ಅವನು ಮಠದ ಹಿತ್ತಲಲ್ಲಿ ಒಂದು ಮಡಿ ಮಾಡಿ ದಂಟಿನ ಬೀಜ ಚೆಲ್ಲಿದ್ದ. ಬೀಜ ಇನ್ನೂ ಮೊಳೆತಿರಲಿಲ್ಲ.

ಗುರುಗಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಕೂತುಕೋ" ಎಂದು ಹೇಳತೊಡಗಿದರು.

ಒಬ್ಬ ಕಲಾಯಿಗಾರನಿದ್ದ. ಹಿತ್ತಾಳೆ ಪಾತ್ರೆಯ ಒಳಮೈಗೆ ತವರ ಹಿಡಿಸುವುದು ಅವನ ಕಸುಬು. ತವರ ಹೋದ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಏಳುತ್ತದೆ, ಉಂಡವರು ಹಾಸಿಗೆ ಹಿಡಿಯುತ್ತಾರೆ. ಹಾಗಾಗಿ ಏಳು ಊರಿನವರು ಅವನ ದಾರಿ ಕಾಯುತ್ತಿದ್ದರು. ಅವನ ಬಳಿ ಅಪ್ಪನ ಕಾಲದ ಒಂದು ಕರಿ ಸೈಕಲ್ಲಿತ್ತು. ಹಿಂದಿನ ಕ್ಯಾರಿಯರಿನಲ್ಲಿ ಇದ್ದಿಲ ಮೂಟೆ, ಹ್ಯಾಂಡಲಿಗೆ ತವರ ಮತ್ತು ಅದನ್ನು ಪಾತ್ರೆಗೆ ಹತ್ತಿಸುವ ನವಸಾಗರದ ಚೀಲ, ಅಡ್ಡಪೈಪಿಗೆ ಬಿಗಿದ ಬೆಂಕಿ ಊದುವ ತಿದಿ. ಸೈಕಲ್ಲಿನ ಮೇಲೆ ಅವನಿಗೇ ಜಾಗ ಕಡಿಮೆ.

ತವರ ದುಬಾರಿ, ಸೀಸ ಅಗ್ಗ. ತವರಕ್ಕೆ ಸೀಸ ಬೆರೆಸಿದರೂ ಪಾತ್ರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಆದರೆ ಅದು ವಿಷ. ಹೊಳಪು ನೋಡಿ ಯಾರೂ ಅದನ್ನು ಕಂಡುಹಿಡಿಯಲಾರರು. ಅದಕ್ಕೇ ಅವನ ಅಪ್ಪ ಒಂದು ಪದ್ಧತಿ ಹಾಕಿಕೊಟ್ಟು ಹೋಗಿದ್ದ. ಕಲಾಯಿ ಮುಗಿದು ಪಾತ್ರೆ ಆರಿದ ಮೇಲೆ ಆ ಮನೆಯವರಿಂದಲೇ ನೀರು ಕೇಳಿ ಅದಕ್ಕೆ ಹುಯ್ಯಿಸಬೇಕು. ನಾಲ್ಕು ಜನ ನೋಡುವಂತೆ ಮೊದಲ ಬೊಗಸೆ ತಾನು ಕುಡಿಯಬೇಕು. ಆಮೇಲೆ ಪಾತ್ರೆ ಒಳಗೆ ಹೋಗಬೇಕು. ಸೀಸ ಹಾಕಿದವನು ಆ ನೀರು ಕುಡಿಯಲಾರ ಎಂಬುದು ಜನರ ನಂಬಿಕೆ. ಕಲಾಯಿಗಾರನಿಗೂ ಇದರಿಂದ ಒಂದು ಅನುಕೂಲ. ಬೆಂಕಿಯ ಮುಂದೆ ಕೂತು ಬಾಯಾರಿದವನಿಗೆ ಮನೆಮನೆಯಲ್ಲೂ ನೀರು ಸಿಗುತ್ತಿತ್ತು, ನೀರಿನ ಜೊತೆ ಒಂದು ಮಾತೂ ಸಿಗುತ್ತಿತ್ತು.

"ಕಲಾಯಿ ಅಣ್ಣ, ನಮ್ಮ ಮನೆಯವರ ಬೋಳುತಲೆಗೂ ಒಂದು ಕೈ ಹಾಕಿ ಹೋಗು" ಎಂದು ಒಬ್ಬಳು ಅಂದರೆ, "ಒಳಗೆ ಖಾಲಿ ಇದ್ದರೆ ಹೇಳು ತಾಯಿ, ನಾನು ಹಾಕುವುದು ಒಳಗಡೆಗೆ" ಅನ್ನುತ್ತಿದ್ದ. ಜಗುಲಿಯ ಮೇಲೆ ಕೂತ ಬೋಳುತಲೆಯವನೂ ನಗುತ್ತಿದ್ದ.

ಒಂದು ದಿನ ಒಂದು ದೊಡ್ಡ ಮನೆಯಲ್ಲಿ ಐದು ತಪ್ಪಲೆಗೆ ಕಲಾಯಿ ಹಾಕಿದ. ಪದ್ಧತಿಯಂತೆ ಒಂದು ತಪ್ಪಲೆಯಿಂದ ಬೊಗಸೆ ನೀರು ಕುಡಿದ. ಹೊರಟು ಅರ್ಧ ಮೈಲಿ ಹೋದ ಮೇಲೆ ಇಕ್ಕಳ ಮರೆತದ್ದು ನೆನಪಾಗಿ ತಿರುಗಿ ಬಂದ. ಹಿತ್ತಲಲ್ಲಿ ಕೆಲಸದವಳು ಅದೇ ತಪ್ಪಲೆಯನ್ನು ಮರಳು ಹಾಕಿ ಉಜ್ಜುತ್ತಿದ್ದಳು.

ಮನೆಯೊಡತಿ ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು: "ಅವನು ಕುಡಿದದ್ದು ಅದರಲ್ಲೇ. ಮೂರು ಸಲ ಉಜ್ಜು. ಅಲ್ಲಿಯವರೆಗೆ ಒಳಗೆ ತರಬೇಡ."

ಬೆಳಗಿನಿಂದ ಬೆಂಕಿಯ ಮುಂದೆ ಬೆಂದು ಹಿಡಿಸಿದ ತವರ ಮರಳಿನ ಜೊತೆ ಕಲೆತು ಬೂದು ಬಣ್ಣವಾಗಿ ಬಚ್ಚಲಿಗೆ ಹರಿಯುತ್ತಿತ್ತು. ಅವನು ಇಕ್ಕಳ ಎತ್ತಿಕೊಂಡು ಬಂದ. ಗಂಟಲೊಳಗೆ ಆ ಬೊಗಸೆ ನೀರು ಇನ್ನೂ ನಿಂತಂತೆ ಇತ್ತು.

ಮಾರನೆಯ ದಿನ ಪೇಟೆಗೆ ಹೋಗಿ ಒಂದು ನೀರಿನ ಬಾಟಲಿ, ಅದನ್ನು ಸೈಕಲ್ಲಿಗೆ ಕೂರಿಸುವ ಒಂದು ತಂತಿಯ ಸ್ಟ್ಯಾಂಡು ಕೊಂಡ. ಎರಡನ್ನೂ ಸೈಕಲ್ ಶಾಪಿನವನ ಮುಂದೆ ಹಾಕಿ "ಕೂರಿಸಿಕೊಡು" ಅಂದ.

ಶಾಪಿನವನು ಸೈಕಲ್ಲನ್ನು ಸುತ್ತಿ ನೋಡಿದ. "ಹೊಸ ಸೈಕಲ್ಲುಗಳಿಗೆ ಕೆಳಪೈಪಿನಲ್ಲಿ ಎರಡು ಸ್ಕ್ರೂ ತೂತು ಇರುತ್ತೆ ಅಣ್ಣ. ಇದಕ್ಕೆ ಇಲ್ಲ. ಇದು ಮಾಡಿದ ಕಾಲದಲ್ಲಿ ನೀರು ಹೊತ್ತುಕೊಂಡು ಹೋಗಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ದಾರಿಯುದ್ದಕ್ಕೂ ಮನೆಗಳಿದ್ದವಲ್ಲ."

"ಆ ಪುರಾಣ ಬೇಡ. ಡ್ರಿಲ್ ಇದೆಯಲ್ಲ, ತೂತು ಹಾಕು."

"ಪೈಪು ತೆಳು. ತೂತಿನಲ್ಲಿ ಮಳೆನೀರು ಇಳಿದರೆ ತುಕ್ಕು ಒಳಗಿನಿಂದ ತಿನ್ನುತ್ತೆ. ಮೇಲೆ ಬಣ್ಣ ಚೆನ್ನಾಗೇ ಇರುತ್ತೆ. ಒಂದು ದಿನ ಇಳಿಜಾರಿನಲ್ಲಿ ಎರಡು ತುಂಡಾಗುತ್ತೆ."

"ಆದರೆ ಆಗಲಿ. ನನ್ನ ಸೈಕಲ್ಲು."

ಶಾಪಿನವನು ಅವನ ಮುಖ ನೋಡಿದ. "ಸಿಟ್ಟಿನಲ್ಲಿ ಬಂದವರ ಸೈಕಲ್ಲಿಗೆ ನಾನು ತೂತು ಹಾಕುವುದಿಲ್ಲ ಅಣ್ಣ. ಪಟ್ಟಿ ಕಟ್ಟಿಕೊಡುತ್ತೇನೆ. ಸಿಟ್ಟು ಇಳಿದ ದಿನ ಬಿಚ್ಚಬಹುದು" ಎಂದು ಹಳೆ ಟ್ಯೂಬ್ ಕತ್ತರಿಸಲು ಕೂತೇಬಿಟ್ಟ.

ಪೈಪಿಗೆ ಗೀರು ಬೀಳದಂತೆ ಟ್ಯೂಬಿನ ರಬ್ಬರು ಸುತ್ತಿದ. ಅದರ ಮೇಲೆ ಎರಡು ತಗಡಿನ ಪಟ್ಟಿ ಬಳಸಿ ಸ್ಟ್ಯಾಂಡನ್ನು ಸ್ಕ್ರೂ ಹಾಕಿ ಬಿಗಿದ. ಮೊದಲು ಮೇಲೆ ಕಟ್ಟಿದ್ದರಿಂದ ಬಾಟಲಿ ಎಳೆಯುವಾಗ ತಿದಿಗೆ ತಗಲಿತು. ಬಿಚ್ಚಿ ನಾಲ್ಕು ಬೆರಳು ಕೆಳಗೆ ಇಳಿಸಿದ. ಈಗ ಬಾಟಲಿ ಸಲೀಸಾಗಿ ಬಂತು, ಸಲೀಸಾಗಿ ಕೂತಿತು. ಪೆಡಲು ತುಳಿದರೆ ಮೊಣಕಾಲಿಗೂ ತಾಗಲಿಲ್ಲ.

ಅಂದಿನಿಂದ ಕಲಾಯಿಗಾರ ಮನೆಯಿಂದಲೇ ಬಾಟಲಿ ತುಂಬಿಕೊಂಡು ಹೊರಟ. ಕೆಲಸ ಮುಗಿಸಿ ಪಾತ್ರೆಯನ್ನು ಬಾಗಿಲಲ್ಲಿಟ್ಟು, ಸೈಕಲ್ಲಿನ ಬಳಿ ಬಂದು ತನ್ನ ನೀರು ತಾನು ಕುಡಿದು ಹೋಗುತ್ತಿದ್ದ. ಎಷ್ಟು ಹಗುರ ಅನ್ನಿಸಿತು ಅವನಿಗೆ. ಕೇಳುವುದೂ ಇಲ್ಲ, ಕಾಯುವುದೂ ಇಲ್ಲ, ತನ್ನ ಬೆನ್ನ ಹಿಂದೆ ಯಾರು ಏನು ಉಜ್ಜುತ್ತಾರೆ ಎಂಬ ಯೋಚನೆಯೂ ಇಲ್ಲ.

ಮೊದಲ ತಿಂಗಳು ಯಾರೂ ಏನೂ ಅನ್ನಲಿಲ್ಲ. ಎರಡನೆಯ ತಿಂಗಳು "ಈ ಸಲ ಬೇಡ ಅಣ್ಣ, ಕಲಾಯಿ ಇನ್ನೂ ಇದೆ" ಅಂದರು. ಅವನು ಇಣುಕಿ ನೋಡಿದರೆ ಪಾತ್ರೆಯೊಳಗೆ ಹಳದಿ ಕಾಣುತ್ತಿತ್ತು. ಮೂರನೆಯ ತಿಂಗಳಿಗೆ ಅವನು ಬರುವುದನ್ನು ಕಂಡೇ ಹೆಂಗಸರು ಒಳಗೆ ಸರಿಯತೊಡಗಿದರು. ಬೋಳುತಲೆಯವನು ಒಬ್ಬನೇ ಜಗುಲಿಯಲ್ಲಿ ಕೂತು ಬೇರೆ ಕಡೆ ನೋಡುತ್ತಿದ್ದ. ಏಳು ಊರು ಸುತ್ತಿದರೂ ಇದ್ದಿಲ ಮೂಟೆ ಕಟ್ಟಿದ ಹಾಗೇ ಮನೆಗೆ ಮರಳುತ್ತಿತ್ತು. ಅಪ್ಪನ ಕಾಲದ ಕಸುಬು ತನ್ನ ಕೈಯಲ್ಲಿ ಮುಗಿಯಿತೆ ಎಂದು ಅವನಿಗೆ ದಿಗಿಲಾಯಿತು. ತಾನು ಮಾಡಿದ ತಪ್ಪೇನೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ತವರ ಅದೇ. ಕೈ ಅದೇ.

ಕೂಡುರಸ್ತೆಯ ಹೊಂಗೆ ಮರದ ಕೆಳಗೆ ಒಬ್ಬಳು ಮಜ್ಜಿಗೆ ಮಾರುತ್ತಿದ್ದಳು. ಅವಳ ಬದುಕೆಲ್ಲ ಒಂದು ಹಿತ್ತಾಳೆ ಕೊಳಗದಲ್ಲಿತ್ತು. ಎರಡು ತಿಂಗಳಿಗೊಮ್ಮೆ ಅದಕ್ಕೆ ಕಲಾಯಿ ಆಗಲೇಬೇಕು. ಅಂದು ಅವಳೊಬ್ಬಳೇ ಅವನನ್ನು ಕೂಗಿದಳು. ಅವನು ಗುಂಡಿ ತೋಡಿ, ಬೆಂಕಿ ಮಾಡಿ, ತಿದಿ ಒತ್ತಿ, ಕಾದ ಕೊಳಗಕ್ಕೆ ತವರ ಸವರಿ ಹತ್ತಿಯಲ್ಲಿ ಒರೆಸಿದ. ಕೊಳಗ ಬೆಳ್ಳಗಾಯಿತು. ಅದನ್ನು ಅವಳ ಮುಂದಿಟ್ಟು ಎದ್ದು ಸೈಕಲ್ಲಿನ ಕಡೆ ಹೊರಟ.

"ನಿಂತುಕೋ ಅಣ್ಣ" ಅಂದಳು ಅವಳು. "ಹೋದ ಸಲವೂ ನೀನು ನನ್ನ ಕೊಳಗದಲ್ಲಿ ನೀರು ಕುಡಿಯಲಿಲ್ಲ. ಅದನ್ನು ನೋಡಿದವರು ಇಲ್ಲಿ ಮಜ್ಜಿಗೆ ಕುಡಿಯುವುದು ಬಿಟ್ಟರು. ತವರ ಕೆಟ್ಟಿದೆಯೋ, ನಾನು ಕೆಟ್ಟಿದ್ದೇನೋ, ಒಂದು ಹೇಳಿ ಹೋಗು."

ಅವನು ಥಟ್ಟನೆ ತಿರುಗಿದ. "ತವರಕ್ಕೆ ಏನಾಗಿದೆ?"

"ಸೀಸ ಬೆರೆಸಿದ್ದಾನೆ, ಅದಕ್ಕೇ ತಾನು ಬಾಟಲಿ ಇಟ್ಟುಕೊಂಡಿದ್ದಾನೆ ಅಂತ ಏಳೂ ಊರಲ್ಲಿ ಅನ್ನುತ್ತಾರೆ. ನಾನು ನಂಬಲಿಲ್ಲ. ನಂಬದೆ ಇದ್ದರೆ ಇನ್ನೊಂದೇ ಉಳಿಯಿತು. ನನ್ನ ಕೈಯ ನೀರು ನಿನಗೆ ಸೇರುವುದಿಲ್ಲ. ಅದನ್ನಾದರೂ ಬಾಯಿಬಿಟ್ಟು ಹೇಳು."

ಆಗ ಅವನು ದೊಡ್ಡ ಮನೆಯ ತಪ್ಪಲೆ ಉಜ್ಜಿದ ವಿಷಯ ಹೇಳಿದ. ಹೆಂಡತಿಗೂ ಹೇಳಿರಲಿಲ್ಲ.

"ಅವರು ಮಾಡಿದ್ದು ಕೆಟ್ಟದ್ದು. ಆದರೆ ನಾನೇನು ಮಾಡಿದ್ದೆ ಅಣ್ಣ?" ಅಂದಳು.

ಅವಳೇ ಎದ್ದು ಸೈಕಲ್ಲಿನಿಂದ ಬಾಟಲಿ ಎಳೆದುಕೊಂಡು, ಅದರಲ್ಲಿದ್ದ ನೀರನ್ನು ಹೊಂಗೆಯ ಬುಡಕ್ಕೆ ಚೆಲ್ಲಿದಳು. ಆರಿದ ಕೊಳಗಕ್ಕೆ ತನ್ನ ಬಿಂದಿಗೆಯಿಂದ ನೀರು ಸುರಿದಳು. ಅವನು ಬೊಗಸೆಯೊಡ್ಡಿ ಕುಡಿದ. ಬಸ್ಸಿಗೆ ಕಾಯುತ್ತಿದ್ದವರು ನೋಡಿದರು. ಉಳಿದ ನೀರನ್ನು ಅವಳು ಬಾಟಲಿಗೆ ತುಂಬಿ, ಸ್ಟ್ಯಾಂಡಿನಲ್ಲಿ ಸಿಕ್ಕಿಸಿ, "ಈಗ ಹೋಗು" ಅಂದಳು.

ಮುಂದೆ ಅವನು ಸೈಕಲ್ ಶಾಪಿನ ಮುಂದೆ ಹಾದಾಗ ಶಾಪಿನವನು ಕೇಳಿದ: "ಸಿಟ್ಟು ಇಳಿಯಿತೇನಣ್ಣ? ಪಟ್ಟಿ ಬಿಚ್ಚಲೇ?"

"ಇಳಿಯಿತು. ಪಟ್ಟಿ ಇರಲಿ, ಒಂದು ಸುತ್ತು ಬಿಗಿ ಮಾಡು" ಅಂದ.

ಅಂದಿನಿಂದ ಅವನು ಬೆಳಗ್ಗೆ ಖಾಲಿ ಬಾಟಲಿ ಇಟ್ಟುಕೊಂಡು ಹೊರಡತೊಡಗಿದ. ಕೆಲಸ ಮಾಡಿದ ಮನೆಯಲ್ಲೆಲ್ಲ ಬೊಗಸೆ ನೀರು ಕುಡಿದು, ಇನ್ನೊಂದು ಗುಟುಕನ್ನು ಬಾಟಲಿಗೆ ಹಾಕಿಸಿಕೊಳ್ಳುತ್ತಿದ್ದ. ಕಳಚಿಹೋದ ಮನೆಗಳು ಒಂದೊಂದಾಗಿ ಮತ್ತೆ ಕೂಗಿದವು. ಬೋಳುತಲೆಯ ಮಾತೂ ಮತ್ತೆ ಶುರುವಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆ ದೊಡ್ಡ ಮನೆಗೆ ಮತ್ತೆ ಹೋದನೇ?"

"ಹೋದ. ಅವರೇ ಕರೆಸಿದರು. ಉಜ್ಜಿದ ತಪ್ಪಲೆ ಬೇಗ ಕೆಟ್ಟಿತ್ತು. ಅದೇ ತವರ ಹಾಕಿದ, ಕೈಯಲ್ಲಿ ಒಂದು ಚೂರೂ ಕಡಿಮೆ ಮಾಡಲಿಲ್ಲ. ಮುಗಿದ ಮೇಲೆ ಮನೆಯೊಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ಅವಳನ್ನು ನೀರು ಕೇಳಲಿಲ್ಲ. ಸೈಕಲ್ಲಿನ ಹತ್ತಿರ ಹೋಗಿ ತನ್ನ ಬಾಟಲಿ ಎತ್ತಿ ಗಟಗಟ ಕುಡಿದ."

ಶಿಷ್ಯನ ಮುಖ ಅರಳಿತು. "ಹಾಗಾದರೆ ನಾನು ಹೇಳಿದ್ದೇ ಸರಿಯಾಯಿತಲ್ಲ ಗುರುಗಳೇ. ಕೊನೆಗೂ ಯಾರ ಹಂಗಿಲ್ಲದೆ ತನ್ನ ನೀರನ್ನೇ ಕುಡಿದ."

ಗುರುಗಳು ಗೂಟದಿಂದ ಜೋಳಿಗೆಯನ್ನು ತೆಗೆದು, ಧೂಳು ಕೊಡವಿ, ಅವನ ಮುಂದಿಟ್ಟರು.

"ಆ ಬಾಟಲಿಯಲ್ಲಿ ಅವನ ನೀರು ಒಂದು ಹನಿಯೂ ಇರಲಿಲ್ಲ, ಮಗೂ."