ಕಸ್ತೂರೆಕ್ಕನ ಕೀಲಿಯಿಲ್ಲದ ಫೋನು

ಗದಗಿನ ಕಸ್ತೂರೆಕ್ಕ ಸಂಬಂಧ ಕುದುರಿಸುವುದರಲ್ಲಿ ಎತ್ತಿದ ಕೈ. ಮುನ್ನೂರು ಹೆಣ್ಣುಮಕ್ಕಳ ಫೋಟೊ, ಕುಂಡಲಿ, ಮನೆಯ ವಿಳಾಸ ಎಲ್ಲ ಅವಳ ಫೋನಿನಲ್ಲಿದ್ದವು. ಸಾಲದ್ದಕ್ಕೆ, ಹುಡುಗಿ ನೋಡಿ ಹೊರಬಿದ್ದ ಮೇಲೆ ಮರೆಯಬಾರದೆಂದು ಬೀದಿಯಲ್ಲೇ ನಿಂತು, ತನ್ನ ಧ್ವನಿಯಲ್ಲಿ ಟಿಪ್ಪಣಿ ತುಂಬಿಸುತ್ತಿದ್ದಳು. "ಈ ಹುಡುಗಿಯ ಎಡಗಿವಿ ಮಂದ, ಆ ಹುಡುಗಿಗೆ ಸಿಟ್ಟು ಜಾಸ್ತಿ" ಎಂದು ಮುಖದ ಮೇಲೆ ಹೇಳಲಾಗದ್ದೆಲ್ಲ ಅದರೊಳಗೆ ಹೋಗುತ್ತಿತ್ತು.

ಇಂಥ ಫೋನಿಗೆ ಲಾಕ್ ಇರಲಿಲ್ಲ ಕಣ್ರಪ್ಪ! ಹೋದ ಮನೆಯಲ್ಲೆಲ್ಲ ಅದು ಅಜ್ಜಿಯಿಂದ ಅತ್ತೆಗೆ, ಅತ್ತೆಯಿಂದ ಮೈದುನನಿಗೆ ಕೈ ದಾಟಬೇಕು. ಹುಡುಗಿಯ ಮುಖ ನೋಡುವಾಗ ಸ್ಕ್ರೀನ್ ಮುಚ್ಚಿಕೊಂಡರೆ ಅಪಶಕುನವೆಂದು ಅವಳ ನಂಬಿಕೆ. "ಲಗ್ನದ ಮಾತಿಗೆ ಯಾರರ ಕೀಲಿ ಹಾಕ್ತಾರೇನ?" ಎಂದು ನಗುತ್ತಿದ್ದಳು.

ಒಂದು ಗುರುವಾರ ಬಸ್ಸಿನ ನೂಕುನುಗ್ಗಲಿನಲ್ಲಿ ಆ ಫೋನು ಕಳುವಾಯಿತು.

"ಅತ್ತಿ, ಮೊದಲ ನಂಬರ್ ಬಂದ್ ಮಾಡಸೋಣ. ಎಲ್ಲಾರ ಮನಿಗೂ ಹೇಳಿಬಿಡ್ರಿ," ಎಂದಳು ಸೊಸೆ ಮಂದಾಕಿನಿ.

"ಹೇಳಿದರ ನಾಳೆ ನನ್ನ ನಂಬಿ ಯಾರು ಕುಂಡಲಿ ಕೊಡ್ತಾರ? ಸಿಕ್ಕವರು ತಂದು ಕೊಡ್ತಾರ ತಗೋ. ನೀ ಬಾಯಿ ಮುಚ್ಚು."

ಸಂಜೆ ಸೊಸೆಯ ಫೋನಿನಿಂದ ತನ್ನದೇ ನಂಬರಿಗೆ ಹಚ್ಚಿದಳು. ಆ ಕಡೆ ಎತ್ತಿದರು.

"ಹಲೋ, ಯಾರ್ರಿ?"

ಯಾರೋ ಉಸಿರಾಡುವುದು ಕೇಳುತ್ತಿತ್ತು. ಆ ಉಸಿರಿನ ಹಿಂದೆ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ಕಸ್ತೂರೆಕ್ಕ ಕಿವಿಗೊಟ್ಟಳು. ಅದು ಅವಳದೇ ಧ್ವನಿ. ಯಾರೋ ಅವಳ ಟಿಪ್ಪಣಿಗಳನ್ನು ಇನ್ನೊಂದು ಫೋನಿಗೆ ಇಳಿಸಿಕೊಂಡು, ಒಂದೊಂದಾಗಿ ಹಾಕಿ ಕೇಳುತ್ತ ಕೂತಿದ್ದರು.

ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮಾನಕ್ಕೆ ಅಂಜಿದಳು.

ಶುಕ್ರವಾರ ಸೊಸೆ ವಾಟ್ಸಾಪ್ ತೆಗೆದು ತೋರಿಸಿದಳು. ಕಸ್ತೂರೆಕ್ಕನ ನಗುಮುಖದ ಪಕ್ಕ 'ಆನ್‌ಲೈನ್' ಎಂದಿತ್ತು. ಇತ್ತ ಕಸ್ತೂರೆಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತಿದ್ದಾಳೆ. ಅತ್ತ ಇನ್ನೊಬ್ಬ ಕಸ್ತೂರೆಕ್ಕ ಊರಿನಲ್ಲಿ ಯಾರೊಡನೆಯೋ ಮಾತಿಗಿಳಿದಿದ್ದಾಳೆ.

ಶನಿವಾರ ಮಧ್ಯಾಹ್ನ ಮಂದಾಕಿನಿಯ ಫೋನು ಹೊಡೆದುಕೊಂಡಿತು. ಅವಳ ಜೊತೆಗೆ ಕಲಿತ ವನಮಾಲಾ. ಆ ಹುಡುಗಿಗೂ ಕಸ್ತೂರೆಕ್ಕ ವರ ಹುಡುಕುತ್ತಿದ್ದಳು.

"ಮಂದಾ, ನಾ ಊರ ಹೊರಗಿನ ಹಳೇ ಹತ್ತಿ ಜಿನ್ನಿಂಗ್ ಮಿಲ್ಲಿನ ಹತ್ರ ಬಂದೀನಿ. ವರನ ಕಡೆಯವರು ಇದನ್ನ ಕೊಂಡಾರಂತ, ಒಬ್ಬಳ ಬಾ ಅಂತ ಅಕ್ಕಾರು ಮೆಸೇಜ್ ಹಾಕಿದ್ರು. ಇಲ್ಲಿ ಒಂದು ನರಪಿಳ್ಳೆನೂ ಇಲ್ಲ. ಅಕ್ಕಾರು ಮನಿ ಬಿಟ್ಟಾರೇನ?"

ಕಸ್ತೂರೆಕ್ಕ ಫೋನು ಕಿತ್ತುಕೊಂಡಳು. "ವನಮಾಲಾ, ನಾ ಮನ್ಯಾಗ ಅದೀನವ್ವ! ಒಳಗ ಹೋಗಬ್ಯಾಡ!"

"ಮನ್ಯಾಗ?" ಹುಡುಗಿಯ ದನಿ ಇಳಿಯಿತು. "ಮತ್ತ ಈಗ ಮಿಲ್ಲಿನ ಬಾಗಲದ ಹಿಂದ ಮಾತಾಡವರು ಯಾರ್ರಿ ಅಕ್ಕಾರ? ನಿಮ್ಮ ಧ್ವನಿನ ಐತಿ."

"ಅದು ನನ್ನ ಫೋನವ್ವ. ಗುರುವಾರ ಕಳುವಾಗೇತಿ. ಮರ್ಯಾದಿ ಹೋಗತೈತಂತ ನಿಮಗ್ಯಾರಿಗೂ ಹೇಳಲಿಲ್ಲ."

ವನಮಾಲಾ ಬಾಗಿಲಿಗೆ ಕಿವಿಗೊಟ್ಟಳು. ಆಮೇಲೆ ಪಿಸುಗುಟ್ಟಿದಳು.

"ಒಳಗಿನ ಧ್ವನಿ ನನ್ನ ಹೆಸರು ತಗದೈತಿ. ನಿಶ್ಚಯ ಮುರದ ಹುಡುಗಿ, ಅಂಜುಬುರುಕಿ, ಎಲ್ಲಿ ಕರದರ ಅಲ್ಲಿ ಬರ್ತಾಳ ಅನ್ನಾಕತ್ತೈತಿ. ಇದನ್ನ ನೀವ ಅಂದೀರೇನ್ರಿ?"

'ಇಲ್ಲ' ಎಂಬ ಮಾತು ನಾಲಗೆ ತುದಿಗೆ ಬಂದಿತ್ತು. ಕಸ್ತೂರೆಕ್ಕ ಅದನ್ನು ನುಂಗಿದಳು.

"ಹೌದವ್ವ, ನಾನ ಅಂದೀನಿ. ಆ ಕಳ್ಳಗೂ ಅದು ಗೊತ್ತಾಗೇತಿ. ಓಡು."

ಹಿಂದೆ ಬಾಗಿಲು ಕಿರುಗುಟ್ಟಿದ್ದು ಫೋನಿನಲ್ಲೂ ಕೇಳಿತು. ವನಮಾಲಾ ಓಡಿದಳು. ಹೆದ್ದಾರಿಯಲ್ಲಿ ಹೊರಟಿದ್ದ ಹತ್ತಿಯ ಲಾರಿಗೆ ಅಡ್ಡ ನಿಂತು, ಅದನ್ನೇರಿ ಊರು ಸೇರಿದಳು. ಪೊಲೀಸರು ಹೋಗುವಷ್ಟರಲ್ಲಿ ಮಿಲ್ಲಿನಲ್ಲಿ ಯಾರೂ ಇರಲಿಲ್ಲ.

ಅಂದೇ ನಂಬರ್ ಬಂದ್ ಆಯಿತು. ಕಸ್ತೂರೆಕ್ಕ ಮುನ್ನೂರು ಮನೆಗಳಿಗೂ ತಾನೇ ನಡೆದು ಹೋಗಿ ತಪ್ಪೊಪ್ಪಿಕೊಂಡಳು. ಬೈದವರು ಬೈದರು, ಬಾಗಿಲು ಹಾಕಿದವರು ಹಾಕಿದರು.

ವನಮಾಲಾ ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ನನ್ನ ಫೋಟೊ, ನನ್ನ ಬಗ್ಗೆ ಅಂದ ಮಾತು, ಎಲ್ಲಾ ಅಳಿಸಿಬಿಡ್ರಿ ಅಕ್ಕಾರ."

ಅಳಿಸುವುದು ಕಸ್ತೂರೆಕ್ಕನ ಕೈಯಲ್ಲಿರಲಿಲ್ಲ; ಫೋನು ಇನ್ನೂ ಕಳ್ಳನ ಕೈಯಲ್ಲೇ ಇತ್ತು.

ನೀತಿ: ಕೆಲಸದ ಫೋನಿನಲ್ಲಿ ಇರುವುದು ನಮ್ಮನ್ನು ನಂಬಿದವರ ಬದುಕು. ಅದಕ್ಕೆ ಮೊದಲೇ ಕೀಲಿ ಹಾಕಿ, ಬೇಡದ್ದನ್ನು ಅದರಲ್ಲಿ ತುಂಬಬೇಡಿ. ಕಳೆದರೆ ನಾಚಿಕೆ ಬಿಟ್ಟು ಆ ಗಳಿಗೆಯಲ್ಲೇ ಎಲ್ಲರಿಗೂ ಹೇಳಿ. ಮುಚ್ಚಿಟ್ಟ ಒಂದೊಂದು ದಿನವೂ ಕಳ್ಳನಿಗೆ ನಾವೇ ಕೊಟ್ಟ ದಿನ.