ಬಣ್ಣ ಮರಳುವವರೆಗೆ

ಮಠದ ಅತಿಥಿಗೃಹವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ನಿರಂಜನ ಒಂದು ಮುಂಜಾನೆ ಗುರುಗಳ ಮುಂದೆ ಕುಳಿತು ಕೇಳಿದ: "ಗುರುಗಳೇ, ದೂರದಿಂದ ಬಂದವರಿಗೆ ಇಲ್ಲ ಎಂದವರು ಆತಿಥ್ಯ ಬಲ್ಲವರೇ?"

ಗುರುಗಳು ಒಂದು ಕತೆ ಹೇಳಿದರು.

ತೆಂಕಣ ಕಡಲಿನಲ್ಲಿ ಒಂದು ದ್ವೀಪರಾಜ್ಯವಿತ್ತು. ವರ್ಷವಿಡೀ ಬಿಸಿಲು, ನಡುನಡುವೆ ಮಳೆ. ಚಳಿ ಏನೆಂದು ಅಲ್ಲಿಯವರು ಅರಿಯರು. ಅಲ್ಲಿನ ಒಂದು ದ್ವೀಪದಲ್ಲಿ ದೋಣಿ ನಡೆಸುವ ಅಂಬಿಗಿತ್ತಿಯೊಬ್ಬಳಿದ್ದಳು. ದಡದ ಪಕ್ಕದ ತಿಳಿನೀರಿನ ಅಡಿಯಲ್ಲಿ ಒಂದು ಹವಳದ ತೋಟವಿತ್ತು. ಕೆಂಪು ಕೊಂಬೆಗಳು, ಹಳದಿ ಬೀಸಣಿಗೆಗಳು, ಅವುಗಳ ಸಂದಿಯಲ್ಲಿ ಮನೆ ಮಾಡಿಕೊಂಡ ಪುಟ್ಟ ಮೀನುಗಳು. ಅದನ್ನು ನೋಡಲೆಂದೇ ದೂರದೇಶದ ಜನ ಹಡಗು ಹತ್ತಿ ಬರುತ್ತಿದ್ದರು. ಅಂಬಿಗಿತ್ತಿ ಅವರನ್ನು ತನ್ನ ದೋಣಿಯಲ್ಲಿ ಕೂರಿಸಿಕೊಂಡು ತೋಟದ ಮೇಲೆ ಮೆಲ್ಲಗೆ ತೇಲಿಸುವಳು. ನೋಡಿದವರು ಮಾತು ಮರೆಯುವರು. ಆಗ ಅವಳಿಗೆ ತನ್ನ ಮಕ್ಕಳನ್ನೇ ಯಾರೋ ಹೊಗಳಿದಷ್ಟು ಹೆಮ್ಮೆ.

ಒಂದು ವರ್ಷ ಬೇಸಿಗೆ ಬಿರುಸಾಯಿತು. ಕಡಲ ನೀರೇ ಕಾಯಿತು. ಹವಳಗಳು ಬಣ್ಣ ಕಳೆದುಕೊಂಡು ಸುಣ್ಣ ಬಳಿದಂತೆ ಬೆಳ್ಳಗಾದವು. ಅವು ಸತ್ತಿರಲಿಲ್ಲ, ಉಸಿರು ಹಿಡಿದುಕೊಂಡಿದ್ದವು. ದೋಣಿಯ ಹುಟ್ಟಿನ ತುದಿ ತಗುಲಿದರೂ ಸಾಕು, ಮುರಿಯುತ್ತಿದ್ದವು. ಅಂಬಿಗಿತ್ತಿ ಊರವರನ್ನು ಸೇರಿಸಿ, ಬಣ್ಣ ಮರಳುವವರೆಗೆ ಆ ನೀರಿಗೆ ಯಾರೂ ದೋಣಿ ಇಳಿಸುವುದು ಬೇಡ ಎಂದಳು. ಕೆಲವರು ಗೊಣಗಿದರು. ಬಂದುಹೋಗುವ ಜನರಿಂದಲೇ ಊರಿನ ಒಲೆಗಳು ಉರಿಯುತ್ತಿದ್ದವು. ಆದರೆ ಅವಳು ತನ್ನ ದೋಣಿಯನ್ನೇ ಮೊದಲು ದಡಕ್ಕೆಳೆದು ಮಗುಚಿ ಹಾಕಿದ್ದನ್ನು ಕಂಡ ಮೇಲೆ ಉಳಿದವರೂ ತಮ್ಮ ದೋಣಿಗಳನ್ನು ದಡಕ್ಕೆಳೆದರು.

ಇದನ್ನು ಅರಿಯದ ಒಂದು ಹಡಗು ಬಂತು. ಹಡಗಿನ ಯಜಮಾನ ವಿಷಯ ತಿಳಿದು ಸಿಡಿಮಿಡಿಗೊಂಡ. ಪಕ್ಕದ ದ್ವೀಪದಲ್ಲಿಯೂ ಹವಳವಿದೆ, ಅಲ್ಲಿ ಹವಳದ ಮೇಲೆಯೇ ಲಂಗರು ಎಸೆದರೂ ಕೇಳುವವರಿಲ್ಲ, ಇನ್ನು ಮುಂದೆ ಇತ್ತ ಮುಖ ಹಾಕುವುದಿಲ್ಲ ಎಂದ. ಅಂಬಿಗಿತ್ತಿ ತಾಳ್ಮೆಯಿಂದ ಕೇಳಿಸಿಕೊಂಡಳು. ನಮ್ಮ ಮನೆಗಳು ತೆರೆದಿವೆ, ಊಟವಿದೆ, ಹಾಡು ಇದೆ, ಕಾಡಿನಲ್ಲಿ ತಿರುಗಾಡಲು ದಾರಿಯಿದೆ, ಆ ನೀರೊಂದು ಮಾತ್ರ ಇಲ್ಲ ಎಂದಳು. ಹಿಂದಿರುಗುವಾಗ ಕರೆದೊಯ್ಯುವೆನೆಂದು ಹೇಳಿ, ಇಳಿಯಬಯಸಿದ ಕೆಲವರನ್ನು ಇಳಿಸಿ ಯಜಮಾನ ಹೊರಟುಹೋದ.

ಇಳಿದವರಲ್ಲಿ ಒಬ್ಬ ಮುದುಕಿ ಇದ್ದಳು. ಹವಳದ ತೋಟ ನೋಡಬೇಕೆಂಬುದು ಅವಳ ಹರೆಯದ ಆಸೆ. ಮದುವೆ, ಮಕ್ಕಳು, ಬಾಣಂತನಗಳ ನಡುವೆ ಅದು ಹಿಂದೆ ಬಿದ್ದಿತ್ತು. ಈಗ ಅವಳ ಕಣ್ಣು ಮಂಜಾಗುತ್ತಿತ್ತು. ಅವಳು ಅಂಬಿಗಿತ್ತಿಯ ಕೈ ಹಿಡಿದುಕೊಂಡಳು.

"ಮಗಳೇ, ಮುಂದಿನ ವರ್ಷಕ್ಕೆ ಈ ಕಣ್ಣು ಉಳಿಯುವುದಿಲ್ಲ. ನನ್ನೊಬ್ಬಳನ್ನು ಒಮ್ಮೆ ಕರೆದುಕೊಂಡು ಹೋಗು."

ಅಂಬಿಗಿತ್ತಿ ಕಡಲಿನತ್ತ ನೋಡಿದಳು. ನೀರು ಎದುರಿಗೇ ಇತ್ತು. ಅವಳು ಹೋದರೆ ತಡೆಯುವವರು ಊರಿನಲ್ಲಿ ಯಾರೂ ಇರಲಿಲ್ಲ. ಎದ್ದು ದೋಣಿಯ ಬಳಿಗೆ ನಡೆದಳು. ಅದರ ಬೆನ್ನಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಆಮೇಲೆ ದೋಣಿಯನ್ನು ಎತ್ತದೆ ಮರಳಿ ಬಂದಳು.

"ಹಾಸಿಗೆ ಹಿಡಿದವರನ್ನು ನೋಟಕ್ಕೆ ಇಡಲಾರೆ, ಅಮ್ಮ. ಚೆನ್ನಾಗಿದ್ದಾಗ ಅವು ಹೇಗಿದ್ದವು ಎಂದು ಹೇಳುತ್ತೇನೆ. ನನ್ನ ಮನೆಗೆ ಬನ್ನಿ."

ಮುದುಕಿ ಅತ್ತಳು. ಆದರೂ ಅವಳ ಹಿಂದೆ ಹೋದಳು.

ಹಡಗು ಮರಳುವವರೆಗೆ ಇಬ್ಬರೂ ದಿನವೂ ದಡದಲ್ಲಿ ಕೂರುತ್ತಿದ್ದರು. ಅಂಬಿಗಿತ್ತಿ ಹೇಳುತ್ತಿದ್ದಳು. ಅಲೆ ತಂದು ಹಾಕಿದ ಹವಳದ ಚೂರನ್ನು ಮುದುಕಿಯ ಅಂಗೈಗಿಟ್ಟು, ಇದು ಬೆರಳಿನಷ್ಟು ಬೆಳೆಯಲು ಎಷ್ಟು ಮಳೆಗಾಲ ಬೇಕೆಂದು ಹೇಳಿದಳು. ಬಾಲ ಹರಿದ ಒಂದು ನೀಲಿ ಮೀನು ಸಂಜೆಯಾದೊಡನೆ ಅದೇ ಕೆಂಪು ಕೊಂಬೆಗೆ ಬಂದು ಅಡಗುವುದನ್ನು ಹೇಳಿದಳು. ಆ ಕೊಂಬೆಯನ್ನು ತನಗೆ ಮೊದಲು ತೋರಿಸಿದವಳು ತನ್ನ ತಾಯಿ ಎಂಬುದನ್ನೂ ಹೇಳಿದಳು. ಮುದುಕಿ ಬಿಡದೆ ಕೇಳುತ್ತಿದ್ದಳು. ಮೊದಮೊದಲು ಅಂಬಿಗಿತ್ತಿಗೆ ಬರಿಗೈಯಲ್ಲಿ ಉಪಚರಿಸಿದಂತೆ ನಾಚಿಕೆಯಾಗುತ್ತಿತ್ತು. ಹೇಳುತ್ತ ಹೇಳುತ್ತ ಅವಳ ಬೆನ್ನು ನೆಟ್ಟಗಾಯಿತು. ದೋಣಿಯಲ್ಲಿ ಕುಳಿತು ನೋಡಿ ಹೋದ ಯಾರಿಗೂ ಅವಳು ಇಷ್ಟು ಕೊಟ್ಟಿರಲಿಲ್ಲ. ತನ್ನ ಬಳಿ ಇಷ್ಟಿದೆ ಎಂದು ಅವಳಿಗೂ ತಿಳಿದಿರಲಿಲ್ಲ.

ಹಡಗು ಮರಳಿತು, ಮುದುಕಿ ಅದನ್ನು ಹತ್ತಿ ತನ್ನೂರಿಗೆ ಹೋದಳು. ಆ ವರ್ಷ ಊರು ಗೆಣಸು, ಮೀನು ತಿಂದು ಕಾಲ ಹಾಕಿತು.

ಮರುವರ್ಷ ಅದೇ ಹಡಗು ಬಂತು. ಈ ಸಲ ಅದು ತಿಳಿನೀರಿನ ಹತ್ತಿರಕ್ಕೂ ಸುಳಿಯದೆ ದೂರದಲ್ಲೇ ನಿಂತಿತು. ಯಜಮಾನ ತಾನೇ ಚಿಕ್ಕ ದೋಣಿಯಲ್ಲಿ ದಡಕ್ಕೆ ಬಂದು, ಹವಳ ಹೇಗಿದೆ ಎಂದು ಮೊದಲು ಕೇಳಿದ. ಅಲ್ಲಲ್ಲಿ ಬಣ್ಣ ಕಾಣುತ್ತಿದೆ, ಆದರೆ ಈ ವರ್ಷವೂ ಇಲ್ಲ ಎಂದಳು ಅಂಬಿಗಿತ್ತಿ. ಅವನು ತಲೆಯಾಡಿಸಿದ. ಕಳೆದ ಸಲ ಮರಳುವ ದಾರಿಯಲ್ಲಿ ನಡೆದುದನ್ನು ಹೇಳಿದ. ಪಕ್ಕದ ದ್ವೀಪ ನೋಡಿದವರ ಮಾತು ಬೇಗನೆ ಮುಗಿದಿತ್ತು. ಮುದುಕಿ ಬಾಯಿ ತೆರೆದಾಗ ಎಲ್ಲರೂ ಅವಳ ಸುತ್ತ ಬಂದು ಕುಳಿತರು. ಈಗ ಅವಳ ಕಣ್ಣು ಪೂರ್ತಿ ಹೋಗಿದೆ. ಆದರೂ ಊರೂರಿನವರು ಬಂದು ಅವಳಿಂದ ಕೇಳಿಕೊಂಡು ಹೋಗುತ್ತಾರೆ. ಈ ಹಡಗಿನಲ್ಲಿರುವವರೆಲ್ಲ ಹಾಗೆ ಕೇಳಿದವರೇ. ಹವಳ ನೋಡಲು ಕಾಯಬೇಕೆಂದರೆ ಕಾಯುತ್ತಾರೆ.

ಅಂಬಿಗಿತ್ತಿ ತಲೆಯೆತ್ತಿ ನಡೆದು ಆ ಜನರನ್ನು ಊರಿನ ಮನೆಗಳಿಗೆ ಕರೆದೊಯ್ದಳು.

ಇನ್ನೊಂದು ಮಳೆಗಾಲ ಕಳೆದ ಮೇಲೆ ಬಣ್ಣ ಮರಳಿತು. ಎಲ್ಲ ಕಡೆಯೂ ಅಲ್ಲ, ತೋಟದ ಅರ್ಧದಲ್ಲಿ. ಅವಳು ದೋಣಿಯನ್ನು ನೀರಿಗೆ ಇಳಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ನಿರಂಜನ, "ಆದರೂ ಆ ಮುದುಕಿ ತೋಟವನ್ನು ನೋಡಲೇ ಇಲ್ಲವಲ್ಲ, ಗುರುಗಳೇ" ಎಂದ.

ಗುರುಗಳು ಹೇಳಿದರು: "ನೀನೂ ನೋಡಿಲ್ಲ, ಆದರೆ ಆ ಹವಳದ ಮೇಲೆ ಯಾರೋ ಲಂಗರು ಎಸೆದರು ಎಂದು ನಾಳೆ ಕೇಳಿದರೆ ನಿನಗೆ ನೋಯುವುದಿಲ್ಲವೇ?"