ಸಾಂಬಾರು ಚೆಲ್ಲುವ ಅಧಿಕಾರ

ಶಿಷ್ಯ ಕೇಳಿದ: "ಗುರುಗಳೇ, ಹೊಸ ಶಾಖಾಮಠಕ್ಕೆ ಯಾರನ್ನು ಕಳಿಸುವುದೆಂದು ಯೋಚಿಸುತ್ತಿದ್ದೀರಂತೆ. ಹನ್ನೆರಡು ವರ್ಷದಿಂದ ನಿಮ್ಮ ಒಂದು ಮಾತನ್ನೂ ನಾನು ಮೀರಿಲ್ಲ. ನನಗೆ ಅರ್ಹತೆ ಇಲ್ಲವೇ?"

ಗುರುಗಳು ಇದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದ. ಇಪ್ಪತ್ತೆರಡು ವರ್ಷ ಬೇರೆಯವರ ಹೋಟೆಲುಗಳಲ್ಲಿ ಸೌಟು ಹಿಡಿದವನು. ಅವನ ಕೈಯ ಸಾಂಬಾರಿಗಾಗಿ ಜನ ಕಾದು ಕೂರುತ್ತಿದ್ದರು. ಹೆಸರು ಮಾತ್ರ ಮಾಲೀಕರಿಗೆ ಬರುತ್ತಿತ್ತು. ಒಂದು ದಿನವಾದರೂ ತನ್ನದೇ ಹೋಟೆಲಿನಲ್ಲಿ ಒಲೆ ಹಚ್ಚಬೇಕು ಎಂಬುದೊಂದೇ ಅವನ ಆಸೆ. ಆಸೆಯೇನೋ ನ್ಯಾಯವಾದದ್ದೇ.

ಆ ಊರಿನ ದೊಡ್ಡ ಹೋಟೆಲಿನವರು ತಮ್ಮ ಹೆಸರನ್ನು ಬೇರೆ ಊರುಗಳಲ್ಲಿ ನಡೆಸಲು ಕೊಡುತ್ತಿದ್ದರು. ಹೆಸರು, ಮಸಾಲೆಪುಡಿ ಅವರದು. ಬಂಡವಾಳ, ದುಡಿಮೆ ಕೊಂಡವನದು. ಇದನ್ನು ಈಗ ಫ್ರಾಂಚೈಸಿ ಎನ್ನುತ್ತಾರೆ. ಅಡುಗೆಯವನು ಅದನ್ನು ಕೊಳ್ಳಲು ಸಾಲ ಕೇಳಿದ. ಅಡವಿಡಲು ಏನಿದೆ ಎಂದರು ಬ್ಯಾಂಕಿನವರು. ಏನೂ ಇರಲಿಲ್ಲ. ಸ್ವಂತ ಉದ್ಯೋಗ ಮಾಡುವ ಸಣ್ಣವರಿಗೆ ಸರ್ಕಾರವೇ ಜಾಮೀನು ನಿಲ್ಲುತ್ತದೆ, ಆ ಕಚೇರಿಗೆ ಹೋಗು ಎಂದು ದಾರಿ ತೋರಿಸಿದರು.

ಅಡುಗೆಯವನು ಯೋಚನೆಗೆ ಬಿದ್ದ. ತನ್ನಂಥವನನ್ನು ಸರ್ಕಾರ ಯಾಕೆ ನಂಬೀತು? ದೊಡ್ಡವರ ಹಿಡಿತ ಬಿಗಿಯಾಗಿದ್ದಷ್ಟೂ ನಂಬಿಕೆ ಹೆಚ್ಚು ಎಂದುಕೊಂಡ. ದೊಡ್ಡ ಹೋಟೆಲಿನ ಯಜಮಾನರ ಬಳಿಗೆ ಹೋಗಿ, ಕರಾರುಪತ್ರದಲ್ಲಿ ಇನ್ನೂ ಕೆಲವು ಮಾತು ಸೇರಿಸಿ ಎಂದು ಕೈ ಮುಗಿದ. ಯಾರನ್ನು ಕೆಲಸಕ್ಕಿಟ್ಟುಕೊಳ್ಳಬೇಕು, ಯಾರನ್ನು ಬಿಡಿಸಬೇಕು, ಯಾವ ದಿನ ಬಾಗಿಲು ಹಾಕಬೇಕು, ಮಾಡಿದ ಅಡುಗೆಯನ್ನು ಬಡಿಸಬೇಕೋ ಚೆಲ್ಲಬೇಕೋ, ಎಲ್ಲವೂ ಅವರ ಅಪ್ಪಣೆಯಂತೆ. ಯಜಮಾನರದೇನು ಹೋಗುತ್ತದೆ, ಬರೆದುಕೊಟ್ಟರು. ಕಟ್ಟಿಹಾಕಿ ಎಂದು ತಾನೇ ಹಗ್ಗ ಹಿಡಿದು ಬರುವ ಕರುವನ್ನು ನಾನಂತೂ ಕಂಡಿಲ್ಲ.

ಜಾಮೀನು ಕಚೇರಿಯ ಅಧಿಕಾರಿಣಿ ಕರಾರನ್ನು ಕೊನೆಯ ಸಾಲಿನವರೆಗೂ ಓದಿದರು. ಅಂಥವರೂ ಇದ್ದಾರೆ. ಓದಿ ಕೇಳಿದರು: "ಬೆಳಿಗ್ಗೆ ಸಾಂಬಾರು ಕೆಟ್ಟಿದೆ ಅಂತ ನಿಮ್ಮ ನಾಲಿಗೆಗೆ ಗೊತ್ತಾಯ್ತು. ಏನು ಮಾಡ್ತೀರಿ?"

"ಅವರಿಗೆ ಫೋನ್ ಮಾಡ್ತೀನಿ ಮೇಡಂ. ಅವರು ಹೂಂ ಅಂದ್ರೆ ಚೆಲ್ತೀನಿ," ಎಂದ ಅಡುಗೆಯವನು, ಹೆಮ್ಮೆಯಿಂದಲೇ.

"ಹೆಸರು ಅವರದಿರಲಿ, ರುಚಿಯೂ ಅವರದೇ ಇರಲಿ, ಅದಕ್ಕೆ ನಮ್ಮ ಅಡ್ಡಿ ಇಲ್ಲ. ಆದರೆ ಇದರ ಪ್ರಕಾರ ಹೋಟೆಲೇ ಅವರದು, ನೀವು ಅಲ್ಲಿ ಕೆಲಸಕ್ಕಿದ್ದೀರಿ. ಅವರಿಗೆ ಸರ್ಕಾರದ ಜಾಮೀನು ಯಾಕೆ ಬೇಕು? ಈ ಮಾತುಗಳನ್ನು ತೆಗೆಸಿಕೊಂಡು ಬನ್ನಿ. ಅವತ್ತೇ ಸಹಿ ಹಾಕ್ತೀನಿ."

ಅಡುಗೆಯವನು ಯಜಮಾನರ ಬಳಿಗೆ ಮರಳಿದ. ಅವರು ನಕ್ಕು ಪೆನ್ನು ಮುಂದೆ ಚಾಚಿದರು. "ಬರೆಸಿದ್ದು ನೀವೇ. ಹೊಡೆದುಹಾಕಿ, ನಾನು ಪಕ್ಕದಲ್ಲಿ ರುಜು ಮಾಡ್ತೀನಿ."

ಅವನು ಪೆನ್ನು ತೆಗೆದುಕೊಂಡ. ಇಪ್ಪತ್ತೆರಡು ವರ್ಷ ಬಯಸಿದ್ದು ನಾಲ್ಕು ಗೀಟು ಎಳೆದರೆ ಸಿಗುತ್ತಿತ್ತು. ಎಳೆಯುವ ಮುಂಚೆ ಕೇಳಿದ: "ಆಮೇಲೆ ಏನಾದ್ರೂ ಎಡವಟ್ಟಾದ್ರೆ ಯಾರ ತಲೆಗೆ ಬರುತ್ತೆ ಯಜಮಾನ್ರೇ?"

"ನಿಮ್ಮ ತಲೆಗೇ. ಹೋಟೆಲು ನಿಮ್ಮದಲ್ವಾ?"

ಅವನಿಗೆ ಭಯವಾಯಿತು. ಸಾಂಬಾರು ಕೆಟ್ಟಿದೆಯೋ ಇಲ್ಲವೋ ಎಂಬುದರಲ್ಲಿ ಅವನ ನಾಲಿಗೆ ಒಂದು ದಿನವೂ ತಪ್ಪಿರಲಿಲ್ಲ, ಆದರೂ ಭಯವಾಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದ. ಮುಂದಿನ ತಿಂಗಳಿಂದ ಅದೇ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ನಿಂತ. ಸಾಂಬಾರು ಚೆನ್ನಾಗಿಯೇ ಇರುತ್ತದೆಯಂತೆ.

ಕತೆ ಮುಗಿಯಿತು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ಹೇಡಿ ಗುರುಗಳೇ. ಅವನ ಜಾಗದಲ್ಲಿ ನಾನಿದ್ದಿದ್ದರೆ ಮರುಮಾತಿಲ್ಲದೆ ಗೀಟು ಎಳೆಯುತ್ತಿದ್ದೆ."

"ಸಂತೋಷ," ಎಂದರು ಗುರುಗಳು. "ಈ ಹನ್ನೆರಡು ವರ್ಷದಲ್ಲಿ ನಾನು ನಿನಗೆ ಹೇಳಿದ್ದರಲ್ಲಿ ಯಾವುದು ತಪ್ಪು, ಒಂದನ್ನು ಹೇಳು."

ಶಿಷ್ಯ ಕೈ ಮುಗಿದ. "ಯಾವುದನ್ನು ಹೇಳಲಿ, ನೀವೇ ಅಪ್ಪಣೆ ಕೊಡಿ ಗುರುಗಳೇ."